ನಮ್ಮ ಮನೆಯ ಪಿಟೀಲಿನ ಖಂಡೆಪೂಜೆ

ನಲವತ್ತೆರಡನೆಯ ವಯಸ್ಸಿನಲ್ಲಿ ಹೆಂಗಸೊಬ್ಬಳು ಸೋಮವಾರದ ಉಪವಾಸ ಹಿಡಿದರೆ ಊರು ಮೆಚ್ಚುತ್ತದೆ. ನಸುಕಿನಲ್ಲಿ ಎದ್ದು ವಾಕಿಂಗ್ ಹೊರಟರೆ ಶುಗರ್ ಬಂದಿರಬೇಕೆಂದು ಅರ್ಥಮಾಡಿಕೊಳ್ಳುತ್ತದೆ. ಪಿಟೀಲು ತಂದರೆ ಮಾತ್ರ ಅವಳ ಗಂಡನನ್ನು ಪಕ್ಕಕ್ಕೆ ಕರೆದು, “ಮನ್ಯಾಗ ಎಲ್ಲಾ ಆರಾಮ ಐತಲ್ರಿ?” ಎಂದು ಕೇಳುತ್ತದೆ. ನಮ್ಮ ಉಟಗಿಯಲ್ಲಿ ಈ ಪ್ರಶ್ನೆಯನ್ನು ನಮ್ಮ ಮನೆಯವರಿಗೆ ಏನಿಲ್ಲವೆಂದರೂ ಎಂಟು ಜನ ಕೇಳಿದ್ದಾರೆ. ಎಂಟು ಸಲವೂ ಅವರು ಸ್ವಲ್ಪ ಯೋಚಿಸಿಯೇ ಉತ್ತರ ಕೊಟ್ಟರಂತೆ.

ತಪ್ಪೆಲ್ಲ ಕಾನ್ವೆಂಟಿನದು. ನಾನು ಓದಿದ ಶಾಲೆಯಲ್ಲಿ ಗಾಜಿನ ಕಪಾಟಿನೊಳಗೆ ಒಂದು ಪಿಟೀಲು ಇತ್ತು. ಶನಿವಾರ ಶನಿವಾರ ಆ ಗಾಜು ಒರೆಸುವ ಕೆಲಸ ನನ್ನದು. ಹತ್ತು ವರ್ಷ ಗಾಜು ಒರೆಸಿದೆ, ಪಿಟೀಲು ಮುಟ್ಟಲಿಲ್ಲ. ಸಿಸ್ಟರುಗಳು ನನಗೆ ಮೆಲ್ಲಗೆ ಮಾತಾಡುವುದನ್ನೂ, ಬಾಗಿಲು ಸದ್ದಾಗದಂತೆ ಹಾಕುವುದನ್ನೂ ಕಲಿಸಿ ಕಳಿಸಿದರು. ಹೀಗೆ ಸದ್ದೇ ಮಾಡದೆ ಬೆಳೆದವಳಿಗೆ ಒಂದು ದಿನ ಸದ್ದು ಮಾಡಬೇಕೆಂಬ ಆಸೆ ಬಂದರೆ ಅದು ಎಷ್ಟು ಜೋರಾಗಿ ಬರುತ್ತದೆಂದು ನಮ್ಮ ಓಣಿಯವರನ್ನು ಕೇಳಬೇಕು.

ಪಿಟೀಲು ಕೊಳ್ಳಲು ಮಿರಜಿಗೆ ಹೋದೆವು. ನಮ್ಮ ಮನೆಯವರದು ಕಾಳಿನ ವ್ಯಾಪಾರ. ಕಚ್ಚಿ ನೋಡಲಾಗದ ಪದಾರ್ಥದ ಗುಣ ಅವರಿಗೆ ತಿಳಿಯುವುದಿಲ್ಲ. ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ್ದ ಪಿಟೀಲುಗಳ ಬೆನ್ನನ್ನು ಬೆರಳಿನಿಂದ ಒಂದೊಂದಾಗಿ ಬಡಿದು, ಕೊನೆಗೆ ಎಲ್ಲಕ್ಕಿಂತ ಸಣ್ಣದರ ಮುಂದೆ ನಿಂತು, “ಇದ ಇರ್ಲಿ. ಸಣ್ಣದು, ಸಪ್ಪಳಾನೂ ಸಣ್ಣದ ಇರ್ತೈತಿ” ಎಂದರು. ಅಂಗಡಿಯ ಮುದುಕರು, ಮಗಳ ವಯಸ್ಸೆಷ್ಟು ಎಂದು ಮರಾಠಿಯಲ್ಲಿ ಕೇಳಿದರು. ನನಗೇ ಬೇಕು ಎಂದೆ. ಅವರು ನಗಲಿಲ್ಲ. ನನ್ನ ಎಡಗೈ ಉದ್ದಕ್ಕೆ ಚಾಚಿಸಿ, ಪಿಟೀಲನ್ನು ಕುತ್ತಿಗೆಗೆ ಆನಿಸಿ, ಅದರ ತಲೆ ನನ್ನ ಅಂಗೈಯಲ್ಲಿ ಕೂರುವುದನ್ನು ನೋಡಿ ದೊಡ್ಡ ಅಳತೆಯದನ್ನೇ ಆರಿಸಿದರು. ತಂತಿ ಬಿಗಿಯುವ ಬಿರಡೆ ತಿರುಗಿಸಿದರೆ ತಿರುಗಬೇಕು, ಬಿಟ್ಟರೆ ನಿಲ್ಲಬೇಕು ಎಂದರು. (ಇಂಥ ಗುಣ ಮನುಷ್ಯರಲ್ಲೂ ಅಪರೂಪ.) ಆಮೇಲೆ ಆರೈಕೆಯ ಪಾಠವಾಯಿತು. ಬಾರಿಸಿದ ಮೇಲೆ ಕಮಾನು ಸಡಿಲು ಮಾಡಿ, ಒಣ ಬಟ್ಟೆಯಿಂದ ರಾಳದ ಪುಡಿ ಒರೆಸಿ, ಬಿಸಿಲಿಗೆ ಇಡಬೇಡಿ. ಕಮಾನಿನ ಕೂದಲು ಕುದುರೆ ಬಾಲದ್ದು, ಅದಕ್ಕೆ ರಾಳವೊಂದನ್ನು ಬಿಟ್ಟು ಬೇರೇನೂ ಸೋಕಬಾರದು. ನಾನು ಒಳ್ಳೆಯ ವಿದ್ಯಾರ್ಥಿನಿಯಂತೆ ಎಲ್ಲವನ್ನೂ ಬರೆದುಕೊಂಡೆ.

ಗುರುಗಳು ಮೊಬೈಲಿನೊಳಗಿದ್ದರು. ನಾನು ಬಾರಿಸಿದ್ದು ಅವರಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಸದಾ ನಗುತ್ತಲೇ ಇರುತ್ತಿದ್ದರು. ಕೇಳಿಸುತ್ತಿದ್ದವರು ಬೇರೆ. ಮೂರನೆಯ ವಾರ ಪಕ್ಕದ ಮನೆಯ ಮೆಹಬೂಬಿ ಚಾಚಿ ಹಿತ್ತಲ ಗೋಡೆಯ ಮೇಲೆ ಮುಖವಿಟ್ಟು, “ಯಕ್ಕಾ, ನಿಮ್ಮ ಹ್ಯಾಂಡ್‌ಪಂಪಿಗೆ ಒಂದಿಷ್ಟು ಎಣ್ಣಿ ಬಿಡಸ್ರಿ. ನಮ್ಮ ಎಮ್ಮಿ ಹಾಲ ಇಳಸವಲ್ದು” ಎಂದು ನಮ್ಮ ಅತ್ತೆಗೆ ಹೇಳಿದರು. ಅತ್ತೆ ನನ್ನನ್ನು ಬಿಟ್ಟುಕೊಡಲಿಲ್ಲ. “ಬಿಡಸ್ತೀನವಾ” ಎಂದಷ್ಟೇ ಅಂದು ಒಳಗೆ ಬಂದು ಕಮಾನನ್ನು ದಿಟ್ಟಿಸಿ, “ಯಾತರ ಕೂದಲವಾ ಇದು?” ಎಂದರು. ಕುದುರೆಯದು ಎಂದೆ. “ಪಾಪ, ಎಷ್ಟ ಒಣಗ್ಯಾವ ನೋಡು” ಎಂದು ಜೋಳ ಹಸನು ಮಾಡಲು ಹೋದರು.

ಜೋಳ ಹಸನು ಮಾಡುವಾಗ ಅತ್ತೆ ಹಳೆಯ ಬೀಸುವ ಪದವೊಂದನ್ನು ಗುನುಗುತ್ತಾರೆ. ಬೀಸುಕಲ್ಲು ಹೋಗಿ ಹಿಟ್ಟಿನ ಗಿರಣಿ ಬಂದರೂ ಅವರ ಬಾಯಿಂದ ಆ ಪದ ಹೋಗಿಲ್ಲ. ಅದನ್ನೇ ನಾನು ಗುಟ್ಟಾಗಿ ಕಲಿಯತೊಡಗಿದ್ದೆ. ದಸರೆಯ ಸಂಜೆ ಬನ್ನಿ ಕೊಡಲು ಓಣಿಯ ಹೆಂಗಸರೆಲ್ಲ ನಮ್ಮ ಮನೆಗೇ ಬರುತ್ತಾರೆ. ಅವರೆದುರು, ಅತ್ತೆ ಕೇಳುವಂತೆ, ಆ ಒಂದು ಪದವನ್ನು ತಪ್ಪಿಲ್ಲದೆ ಬಾರಿಸಿಬಿಟ್ಟರೆ ಆರು ತಿಂಗಳ ಅವಮಾನ ತೊಳೆದುಹೋಗುತ್ತದೆ. ಬಾರಿಸಲಾಗದಿದ್ದರೆ ಪಿಟೀಲನ್ನು ಅಟ್ಟಕ್ಕೆ ಹಾಕಿ ಕ್ರೋಷಾ ಹೆಣೆಯುತ್ತೇನೆಂದು ನಮ್ಮ ಮನೆಯವರಿಗೆ ಮಾತು ಕೊಟ್ಟಿದ್ದೆ. ಅವರು ಮರುದಿನವೇ ನಾಲ್ಕು ಬಣ್ಣದ ದಾರ ತಂದಿಟ್ಟರು.

ದಸರೆಯ ಹಿಂದಿನ ದಿನ ಖಂಡೆಪೂಜೆ. ನಮ್ಮಲ್ಲಿ ಕುಡುಗೋಲು, ತಕ್ಕಡಿ, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕ, ಎಲ್ಲವೂ ತೊಳೆದು ಒರೆಸಿಕೊಂಡು ದೇವರ ಮುಂದೆ ಕೂರುತ್ತವೆ. ಪೂಜೆಗೆ ಕೂತದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅತ್ತೆ ತಾವಾಗಿಯೇ, “ನಿಂದೂ ಇಡು, ಅದೂ ಒಂದ ಹತ್ಯಾರಲ್ಲೇನು?” ಎಂದರು. ನನ್ನ ಕಣ್ಣು ತುಂಬಿ ಬಂತು. ತಕ್ಕಡಿಗೂ ಕುಡುಗೋಲಿಗೂ ನಡುವೆ ಪಿಟೀಲು, ಮೈಮೇಲೆ ಮೂರು ಬೆರಳಿನ ವಿಭೂತಿ ಹಚ್ಚಿಸಿಕೊಂಡು, ಹಿರಿಯ ಶರಣರಂತೆ ಮಲಗಿತ್ತು.

ಮರುದಿನ ಸಂಜೆ ಹದಿನೈದು ಹೆಂಗಸರು ಸೇರಿದರು. ನಾನು ಪಿಟೀಲು ಎತ್ತಿಕೊಂಡು, ಕಣ್ಣು ಮುಚ್ಚಿ, ಕಮಾನು ಎಳೆದೆ. ಸದ್ದಿಲ್ಲ. ಇನ್ನೊಮ್ಮೆ ಎಳೆದೆ. ಬೆಣ್ಣೆಯ ಮೇಲೆ ಚಾಕು ಜಾರಿದಂತೆ ಜಾರಿತು. ಗಾಬರಿಯಲ್ಲಿ ಕೂದಲಿಗೆ ಬೆರಳಿಟ್ಟರೆ ಬೆರಳು ಮಿಂಚಿತು, ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಮೂಲೆಯಿಂದ ಅತ್ತೆ ಎಲ್ಲರಿಗೂ ಕೇಳುವಂಥ ಪಿಸುಮಾತಿನಲ್ಲಿ, “ಅಂಜಬ್ಯಾಡವಾ, ನಿನ್ನಿ ಪೂಜಾದಾಗ ಛಲೋತ್ನ್ಯಾಗ ಎಣ್ಣಿ ಹಚ್ಚೀನಿ. ಇನ್ನ ಕಿರಗುಟ್ಟೂದಿಲ್ಲ” ಎಂದರು.

ಹದಿನೈದು ಜನರ ಮುಂದೆ ಅತ್ತೆಗೆ ಏನು ಹೇಳಲಿ? ಕಮಾನು ಕೆಳಗಿಟ್ಟೆ. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು ಆಗಲೇ ಕ್ರೋಷಾ ದಾರದ ಕಡೆ ನೋಡುತ್ತಿದ್ದರು. ಅದನ್ನು ಕಂಡ ಸಿಟ್ಟಿಗೇ ಇರಬೇಕು, ಪಿಟೀಲನ್ನು ಮಡಿಲಲ್ಲಿ ಕೂಸಿನಂತೆ ಮಲಗಿಸಿಕೊಂಡು ಬೆರಳಿನಿಂದಲೇ ತಂತಿ ಮೀಟತೊಡಗಿದೆ. ಎರಡನೆಯ ಸಾಲಿಗೆ ಮೆಹಬೂಬಿ ಚಾಚಿ, “ಅಯ್ಯ, ಇದು ಬೀಸೂ ಪದ ಅಲ್ಲೇನ!” ಎಂದು ಕೂಗಿದರು. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ದನಿ ಎತ್ತಿದರು. ಉಳಿದವರೂ ಸೇರಿದರು. ನಾಲ್ಕನೆಯ ನುಡಿಯ ಹೊತ್ತಿಗೆ ನನ್ನ ಪಿಟೀಲು ಯಾರಿಗೂ ಕೇಳಿಸುತ್ತಿರಲಿಲ್ಲ, ನನಗೂ. ಮುಗಿದಾಗ ಹೆಂಗಸರೆಲ್ಲ, ಇನ್ನೊಮ್ಮೆ ಆಗಲಿ ಎಂದರು. ಆರು ತಿಂಗಳಲ್ಲಿ ಈ ಮಾತು ಕೇಳಿದ್ದು ಅದೇ ಮೊದಲು.

“ಕಡ್ಡಿ ಇಲ್ದನ ಛಲೋ ಇತ್ತು ಬಿಡು” ಎಂದರು ನಮ್ಮ ಮನೆಯವರು. “ಎಲ್ಲಾ ಎಣ್ಣಿ ಗುಣಾ” ಎಂದರು ಅತ್ತೆ.

ಕಮಾನಿಗೆ ಹೊಸ ಕೂದಲು ಹಾಕಿಸಲು ಮಿರಜಿಗೆ ಹೋದಾಗ ಅಂಗಡಿಯ ಮುದುಕರು ಅದನ್ನು ಮೂಸಿ ನೋಡಿ ದಂಗಾದರು. ಎಚ್ಚರಿಕೆ ಹೇಳಿದ್ದೆನಲ್ಲ, ಬರೆದುಕೊಂಡಿದ್ದಿರಲ್ಲ, ಮನೆಯಲ್ಲಿ ಹೇಳಲಿಲ್ಲವೇ ಎಂದು ಕೇಳಿದರು. ಬರೆದಿದ್ದೆ ನಿಜ. ಪಿಟೀಲಿನ ಪೆಟ್ಟಿಗೆಯ ಮುಚ್ಚಳದ ಒಳಗೆ ದುಂಡನೆಯ ಕಾನ್ವೆಂಟ್ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಬರೆದು ಅಂಟಿಸಿದ್ದೆ. ಅತ್ತೆ ಒಮ್ಮೆ ಅದಕ್ಕೆ ಬೆರಳಿಟ್ಟು, “ಏನ ಬರದೀದಿ?” ಎಂದು ಕೇಳಿದ್ದರು. “ಏನಿಲ್ರಿ, ಸುಮ್ನ” ಎಂದಿದ್ದೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಅಭ್ಯಾಸ ಮಾಡಿದೆ: “ಅತ್ತಿ, ಇದಕ್ಕ ಎಣ್ಣಿ ನಡಿಯೂದಿಲ್ರಿ.” ಪಿಟೀಲಿಗಿಂತ ಇದೇ ಕಠಿಣವೆನಿಸಿತು. ಮನೆ ಮುಟ್ಟಿದಾಗ ಅತ್ತೆ ಕಟ್ಟೆಯ ಮೇಲೆ ಬಟ್ಟಲಲ್ಲಿ ಬೆಚ್ಚಗಿನ ಎಣ್ಣೆ ಹಿಡಿದು ಕೂತಿದ್ದರು. “ಬಂದ್ಯಾ? ಹೊಸಾ ಕೂದಲ ಹಾಕ್ಯಾರೇನು? ತಾ ಇಲ್ಲೆ, ಒಣಗೂಕಿಂತ ಮೊದ್ಲ ಹಚ್ಚಿಬಿಡೂನು.”

ನಾನು ಪೆಟ್ಟಿಗೆಯನ್ನು ಒಳಗಿನ ಕಪಾಟಿನ ತುದಿಗೆ ಏರಿಸಿ ಬಂದೆ. ಅತ್ತೆಗೆ ಬೆನ್ನು ಮಾಡಿ ಕುಳಿತು ಜಡೆ ಬಿಚ್ಚಿದೆ.

“ಮೊದ್ಲ ಇವಕ್ಕ ಹಚ್ರಿ ಅತ್ತಿ” ಎಂದೆ. “ಇವೂ ಭಾಳ ಒಣಗ್ಯಾವು.”