ಬಸ್ಸಿನ ಬೆನ್ನು ಹತ್ತಿದ ಗಿಟಾರು

ಮೆಹಬೂಬ: ಹದಿನಾರು ಬಾರ್ ಆಗಂಗಿಲ್ಲ ಅಂದ್ರ ಆಗಂಗಿಲ್ಲ. ಎಂಟ ಬಾರ್. ಅಲ್ಲಿಗೆ ನಿಂದ್ರಸು!

ಸಿದ್ದರಾಯ: ಎಂಟರಾಗ ನಾ ಏನ್ ಮಾಡ್ಲಿ ಲೇ? ಎಂಟು ನನಗ ಶುರು ಮಾಡಾಕ ಬೇಕು. ಕೈ ಬಿಸಿ ಆಗೂದ ಒಂಬತ್ತನೇದರಾಗ.

ಮೆಹಬೂಬ: ಹೋದ ವಾರ ಹನ್ನೆರಡು ಅಂದಿದ್ದಿ. ದಿನದಿಂದ ದಿನಕ್ಕ ಚಟ ಹೆಚ್ಚಾಗಾಕತ್ತೈತಿ ನಿಂದು.

ಟಿಕೋಟಾದ ಕನ್ನಡ ಶಾಲೆಯಲ್ಲಿ ಪಾಠ ಮುಗಿಸಿ ಆಗತಾನೆ ಬಸ್ಸಿಳಿದು ಬಂದ ಚಂದ್ರಕಲಾ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಜೋರಾಪುರ ಪೇಟೆಯಲ್ಲಿ ಕೆಳಗೆ ಗಂಡ ಸಿದ್ದರಾಯನ ಪಾತ್ರೆ ಅಂಗಡಿ, ಮೇಲೆ ಈ ಒಂದು ಕೋಣೆ. ಬಾಗಿಲು ಅರ್ಧ ತೆರೆದಿತ್ತು.

ಚಂದ್ರಕಲಾ: ಹದಿನಾರು ಬಾರ್? ಒಂದ ದಿನದಾಗ?

ಸಿದ್ದರಾಯ: ದಿನ ಯಾಕ ಬೇಕು? ಅರ್ಧ ನಿಮಿಷದಾಗ ಮುಗಸ್ತೀನಿ.

ಚಂದ್ರಕಲಾ: ಯವ್ವಾ! ಮೆಹಬೂಬಣ್ಣ, ನೀವರ ನಾಕು ಬುದ್ಧಿಮಾತು ಹೇಳಬಾರದೇನ್ರಿ?

ಮೆಹಬೂಬ: ಅದನ್ನ ಹೇಳಾಕತ್ತೀನ್ರಿ ವೈನಿ. ಎಂಟಕ್ಕ ಸಾಕ ಮಾಡಪಾ ಅಂತ.

ಚಂದ್ರಕಲಾ: ಎಂಟಕ್ಕ! ನೀವೂ ಜೋಡಿ ಇರ್ತೀರೇನು?

ಮೆಹಬೂಬ: ಇವಂದು ಮುಗಿಯೂತನ ನಾ ಸುಮ್ಮ ಬಾಜೂಕ ನಿಂದ್ರಾಂವರಿ. ಆಮ್ಯಾಲೆ ಹಾಡ ಹಾಡ್ತೀನಿ.

ಚಂದ್ರಕಲಾ: ಹಾಡೂ ಹಾಡ್ತೀರಿ! ಮಂದಿ ಮುಂದ?

ಸಿದ್ದರಾಯ: ಅಲ್ಲ ತಾಯಿ, ಕುಡಿಯೂ ಬಾರ್ ಅಲ್ಲ ಅದು! ಒಂದು, ಎರಡು, ಮೂರು, ನಾಕು ಅಂತ ಎಣಿಸಿದ್ರ ಒಂದು ಬಾರ್. ತಾಳದ ಲೆಕ್ಕ. ಹಾಡಿನ ನಡುವ ನಾ ಒಬ್ಬನ ಬಾರಸೂ ಗಿಟಾರ್ ಸೋಲೊ ಎಷ್ಟು ಉದ್ದ ಇರಬೇಕು ಅಂತ ಜಗಳ.

ಚಂದ್ರಕಲಾ ಉಸಿರು ಬಿಟ್ಟು ಒಳಗೆ ಬಂದು ಕೂತಳು. ಕುಡಿತವಾಗಿದ್ದರೆ ಬಿಡಿಸಬಹುದಿತ್ತು, ಇದನ್ನು ಹೇಗೆ ಬಿಡಿಸುವುದು ಎಂಬ ಚಿಂತೆ ಆಕೆಯ ಮುಖದ ಮೇಲಿದೆ ಎಂದು ಸಿದ್ದರಾಯನಿಗೆ ಅನ್ನಿಸಿತು. ಅವನಿಗೆ ನಲವತ್ತಮೂರು ವರ್ಷ. ಹಗಲು ಪಾತ್ರೆ ಮಾರುವುದು, ಸಂಜೆ ಗಿಟಾರು. ಲಗ್ನದ ಆರತಕ್ಷತೆ, ಗಣಪತಿ ಪೆಂಡಾಲು ಎಂದು ಇಪ್ಪತ್ತು ವರ್ಷ ಕಂಡವರ ಹಾಡನ್ನೇ ಬಾರಿಸಿದ್ದ. ಈಗ, ಗೋಳಗುಮ್ಮಟದ ಹತ್ತಿರ ಮೊಬೈಲು ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಮೆಹಬೂಬ ಒಂದು ಸ್ವಂತ ಹಾಡು ಬರೆದಿದ್ದ. ಅವರ ಬ್ಯಾಂಡಿನ ಮೊದಲ ಸ್ವಂತ ಹಾಡು. ನಾಳೆ ಬೆಳಗ್ಗೆ ಹತ್ತಕ್ಕೆ ರೆಕಾರ್ಡಿಂಗು. ಹಾಡಿನ ನಡುವೆ ಗಿಟಾರಿಗೆಂದು ಜಾಗ ಖಾಲಿ ಬಿಟ್ಟು ಮೂರು ವಾರವಾಗಿತ್ತು.

ಮೆಹಬೂಬ: ವೈನಿ, ನೀವ ನ್ಯಾಯ ಹೇಳ್ರಿ. ನನ್ನ ಹಾಡಿನಾಗ ಒಬ್ಬಾಂವ ಬಸ್‌ಸ್ಟ್ಯಾಂಡಿನಾಗ ನಿಂತಾನ. 'ಬಬಲೇಶ್ವರದ ಬಸ್ಸ ಬಂತು, ನೀ ಇಳೀಲಿಲ್ಲ.' ಇದಾದಮ್ಯಾಲೆ ಗಿಟಾರ್. ಈಗ ಕೇಳ್ರಿ ಇವನ ಪ್ರತಾಪ.

ಸಿದ್ದರಾಯ ಕಣ್ಣು ಮುಚ್ಚಿ ಬಾರಿಸಿದ. ಬೆರಳುಗಳು ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಹರಿದಾಡಿ, ಕೊಂಕಣ ಸುತ್ತಿ ಮೈಲಾರಕ್ಕೆ ಬಂದವು. ಕೆಳಗೆ ಅಂಗಡಿಯಲ್ಲಿ ಸ್ಟೀಲಿನ ತಾಟುಗಳು ಝಣಝಣ ನಡುಗಿದವು. ಅದನ್ನು ಅವನು ಚಪ್ಪಾಳೆ ಎಂದುಕೊಂಡ.

ಮೆಹಬೂಬ: ಕೇಳಿದ್ರಿಲ್ಲ? ಹುಡುಗಿ ಬರಲಿಲ್ಲಂತ ನನ್ನ ಹುಡುಗ ನಿಂತಾನ. ಇವನ ಗಿಟಾರ ಬಸ್ಸಿನ ಬೆನ್ನ ಹತ್ತಿ ಓಡಾಕತ್ತೈತಿ.

ಸಿದ್ದರಾಯ: ಇದರಾಗ ನೂರಾ ಎಂಬತ್ತು ಸ್ವರ ಅದಾವ ಲೇ! ಒಂದರ ತಪ್ಪೈತೇನು ಹೇಳು.

ಚಂದ್ರಕಲಾ: ತಪ್ಪಿಲ್ರಿ. ಆದ್ರ ನಮ್ಮ ಐದನೇ ಕ್ಲಾಸಿನ ಹುಡುಗರು ಆಕಳ ಮ್ಯಾಲೆ ಪ್ರಬಂಧ ಬರೀತಾರ. ಆಕಳಿಗೆ ನಾಕು ಕಾಲು ಮತ್ತು ಎರಡು ಕೋಡು ಮತ್ತು ಒಂದು ಬಾಲ ಮತ್ತು ಅದು ಹುಲ್ಲು ತಿನ್ನುತ್ತದೆ ಮತ್ತು... ಹಂಗೈತಿ ಇದು. ಪೂರ್ಣವಿರಾಮ ಎಲ್ಲೈತಿ?

ಸಿದ್ದರಾಯ: ಗಿಟಾರಿಗೆ ಎಂಥಾ ಪೂರ್ಣವಿರಾಮ?

ಚಂದ್ರಕಲಾ: ನೀವು ಮನ್ಯಾಗ ಮಾತಾಡೂದೂ ಹಿಂಗ. ಉಸಿರ ತಗೊಳ್ಳಂಗಿಲ್ಲ, ಎದುರಿನವರಿಗೆ ತಗೊಳ್ಳಾಕ ಕೊಡಂಗಿಲ್ಲ.

ಸಿದ್ದರಾಯ ಹಟಕ್ಕೆ ಬಿದ್ದು ಅದನ್ನೇ ನಿಧಾನ ಮಾಡಿ ಬಾರಿಸಿದ.

ಮೆಹಬೂಬ: ಈಗ ಬಸ್ಸ ಪಂಕ್ಚರ್ ಆತು.

ತಂತಿಯನ್ನು ಎಳೆದೆಳೆದು ಅಳುವ ಹಾಗೆ ಬಾರಿಸಿದ.

ಮೆಹಬೂಬ: ಯಾರೋ ನಾಯಿ ಬಾಲ ತುಳದ್ರು.

ಸಿದ್ದರಾಯ: ನಿನ್ನ ಕಿವಿ ಮೊಬೈಲ್ ರಿಂಗ್‌ಟೋನ್ ಕೇಳಿ ಕೆಟ್ಟಾವ.

ಮೆಹಬೂಬ: ರಿಂಗ್‌ಟೋನರ ಮಂದಿಗೆ ನೆನಪಿರತೈತಿ! ನಾ ಕೇಳೂದು ಇಷ್ಟ. ಒಂದ ಸಲ ಕೇಳಿದಾಂವ ಎರಡನೇ ಸಲ ಗುನುಗಬೇಕು. ಹಾಡಾಕ ಬರೂವಂಗ ಇರಬೇಕು. ಇಲ್ಲಂದ್ರ ನಾಳೆ ಸ್ಟುಡಿಯೋದಾಂವಗ ಹೇಳಿ ಕೀಬೋರ್ಡಿನಾಗ ಕೊಳಲ ಹಾಕಸ್ತೀನಿ.

ಈ ಮಾತು ನಾಟಿತು. ಸಿದ್ದರಾಯ ಗಿಟಾರನ್ನು ಗೋಡೆಗೆ ಒರಗಿಸಿ ಬೆರಳುಗಳನ್ನು ನೋಡಿಕೊಂಡ. ಇವಕ್ಕೆ ಊರೂರ ದಾರಿ ಗೊತ್ತು, ಸ್ವಂತ ಊರೊಂದೇ ಇಲ್ಲ ಎನ್ನಿಸಿತು. ಓಡುತ್ತಿರುವವರೆಗೆ ಯಾರೂ ಕೇಳುವುದಿಲ್ಲ. ನಿಂತರೆ 'ಯಾವ ಊರಪಾ ನಿಂದು' ಎನ್ನುತ್ತಾರೆ. ಅದಕ್ಕೇ ಮೂರು ವಾರದಿಂದ ಓಡುತ್ತಿದ್ದ.

ಸಿದ್ದರಾಯ: ಹಾಕಸು ಕೊಳಲ. ನಾ ಮಂದಿ ಹಾಡ ಬಾರಸಾಂವ. ನನ್ನ ಕಡಿಂದ ಇದು ಆಗೂದಲ್ಲ.

ಮೆಹಬೂಬ ತಲೆ ಕೆರೆದುಕೊಂಡ. ಇಷ್ಟು ಬೇಗ ಗೆದ್ದು ಅವನಿಗೂ ರೂಢಿಯಿರಲಿಲ್ಲ.

ಚಂದ್ರಕಲಾ: ಗಿಟಾರ ಅಲ್ಲೇ ಇರ್ಲಿ. ಬಾಯಲೆ ಹೇಳ್ರಿ. ಬಸ್‌ಸ್ಟ್ಯಾಂಡಿನಾಗ ನಿಂತಾಂವ ಏನ ಅನ್ಕೋತಾನ?

ಸಿದ್ದರಾಯ: ನನಗೇನ ಗೊತ್ತು? ಬರದಾಂವನ್ನ ಕೇಳು.

ಚಂದ್ರಕಲಾ: ನಿಮಗ ಗೊತ್ತಿಲ್ಲೇನು? ನನಗ ಬಬಲೇಶ್ವರದ ಸಾಲಿಗೆ ಮೊದಲ ಪೋಸ್ಟಿಂಗ್ ಆದಾಗ ದಿನಾ ಸಂಜೀಕ ಬಂದು ನಿಂದ್ರತಿದ್ರಿ. ಬಸ್ಸ ಖಾಲಿ ಆಗಿ, ನಾ ಇಳೀದಿದ್ರ ಏನ ಅನ್ಕೋತಿದ್ರಿ?

ಮೆಹಬೂಬ ಕಿವಿ ನೆಟ್ಟಗೆ ಮಾಡಿದ. ಇಪ್ಪತ್ತು ವರ್ಷದ ದೋಸ್ತಿಯಲ್ಲಿ ಇದು ಅವನಿಗೆ ತಿಳಿದಿರಲಿಲ್ಲ. ಸಿದ್ದರಾಯನ ಕಿವಿ ಕೆಂಪಾಯಿತು.

ಸಿದ್ದರಾಯ: ಏನ ಅನ್ಕೋತಾರ... ಬಂದ್ಲೇನು ಅಂತ ನೋಡ್ತಿದ್ದೆ. ಇಲ್ಲ. ಮುಂದಿನ ಬಸ್ಸಿಗೆ ಬರ್ತಾಳ ಬಿಡು ಅಂತ... ಅಷ್ಟ.

ಚಂದ್ರಕಲಾ: ಮೂರು ವಾಕ್ಯ ಆದುವಲ್ಲ. ಅವನ್ನ ಬಾರಸ್ರಿ.

ಸಿದ್ದರಾಯ ಗಿಟಾರು ಎತ್ತಿಕೊಂಡ. ನಾಲ್ಕು ಸ್ವರ ಮೇಲಕ್ಕೆ ಹತ್ತಿ, ಹತ್ತಿದಲ್ಲೇ ಇಣುಕಿ ನೋಡಿದವು. ಎರಡು ಸ್ವರ ಕೆಳಗಿಳಿದವು. ಆಮೇಲೆ ಮತ್ತೊಂದಷ್ಟು, ಮೆಲ್ಲಗೆ, ಕಾಲೆಳೆದುಕೊಂಡು ಮನೆಯ ದಾರಿ ಹಿಡಿದವು. ಕೆಳಗೆ ಒಂದು ತಾಟೂ ಅಲುಗಲಿಲ್ಲ.

ಚಂದ್ರಕಲಾ: 'ಬಂದ್ಲೇನು' ಅಂದಕೂಡ್ಲೆ 'ಇಲ್ಲ' ಅಂದುಬಿಟ್ರಿ. ಬಸ್ಸಿನಾಗಿನ ಮಂದಿ ಇಳಿಯೂತನರ ತಡೀರಿ.

ತಡೆದ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ ಅವನ ಬೆರಳು ಏನೂ ಮಾಡದೆ ಕೂತಿದ್ದವು.

ಮೆಹಬೂಬ: ದೋಸ್ತ, ಕಡೇ ಸ್ವರ ಮನಿ ಮುಟ್ಟಸಬ್ಯಾಡ. ಅಕಿ ಇನ್ನೂ ಬಂದಿಲ್ಲ.

ಕೊನೆಯ ಸ್ವರವನ್ನು ಹೊಸ್ತಿಲ ಹೊರಗೇ ಬಿಟ್ಟ. ಹೀಗೆ ತಿದ್ದಿ, ತೆಗೆದು, ಮತ್ತೆ ಬಾರಿಸಿ, ಹನ್ನೊಂದನೇ ಸಲಕ್ಕೆ ಸರಿಯಾಗಿ ಎಂಟು ಬಾರ್‌ಗೆ ಬಂದು ನಿಂತಿತು. ಚಂದ್ರಕಲಾ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಮೆಹಬೂಬ ಗುನುಗತೊಡಗಿದ. ಗುನುಗುತ್ತ ಗುನುಗುತ್ತ ಬಾಯಿ ತೆರೆದು ಹಾಡಿಯೇಬಿಟ್ಟ:

"ಬಂದಾಳೇನಽ... ಇಲ್ಲ... ಮುಂದಿನ ಬಸ್ಸಿಗೆ ಬರ್ತಾಳಽ..."

ಸಿದ್ದರಾಯನ ಮೈ ಜುಂ ಎಂದಿತು. ತನ್ನ ರಾಗ ಇನ್ನೊಬ್ಬನ ಗಂಟಲಲ್ಲಿ! ಮೆಹಬೂಬ ಕಿಸೆಯಿಂದ ಹಾಡಿನ ಕಾಗದ ತೆಗೆದು, ನಾಲ್ಕು ಸಾಲು ಹೊಡೆದುಹಾಕಿ, ಏನೋ ಬರೆಯತೊಡಗಿದ.

ಸಿದ್ದರಾಯ: ಏನ ಬರ್ಯಾಕತ್ತಿ?

ಮೆಹಬೂಬ: ಪಲ್ಲವಿ. ನಂದು ಸಪ್ಪಗಿತ್ತು. ಇನ್ನಮ್ಯಾಲೆ ಇದ ಪಲ್ಲವಿ. ನಾ ಹಾಡ್ತೀನಿ.

ಸಿದ್ದರಾಯ: ಲೇ ಲೇ! ಅದು ನನ್ನ ಸೋಲೊ!

ಮೆಹಬೂಬ: ಹಾಡಾಕ ಬರೂವಂಗ ಇರಬೇಕಂದೆ, ಹಾಡಾಕ ಬರೂವಂಗ ಮಾಡಿದಿ. ಇಂಥಾದ್ದನ್ನ ಒಂದ ಸಲ ಗಿಟಾರಿಗೆ ಕೊಟ್ಟು ಹಾಳ ಮಾಡ್ಲೇನು? ನಾಕ ಸಲ ಬರತೈತಿ ಈಗ.

ಸಿದ್ದರಾಯ: ಮತ್ತ ನಡುವಿನ ಖಾಲಿ ಜಾಗಾ?

ಮೆಹಬೂಬ: ಅದು ಹಂಗ ಐತಿ. ಎಂಟು ಬಾರ್. ನಾಳೆ ಹತ್ತಕ್ಕ ಬಾ.

ಅವನು ಹೊಸ ಪಲ್ಲವಿ ಹಾಡುತ್ತಲೇ ಮೆಟ್ಟಿಲಿಳಿದು ಹೋದ. ಸಿದ್ದರಾಯನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಜೀವನದಲ್ಲಿ ಒಂದೇ ಒಂದು ಸ್ವಂತ ರಾಗ ಹುಟ್ಟಿತು, ಅದೂ ಹುಟ್ಟಿದ ಕಾಲು ಗಂಟೆಯಲ್ಲಿ ಬೇರೆ ಮನೆ ಸೇರಿತು. ಚಂದ್ರಕಲಾ ಗಿಟಾರನ್ನು ಎತ್ತಿ ಗಂಡನ ತೊಡೆಯ ಮೇಲಿಟ್ಟಳು.

ಚಂದ್ರಕಲಾ: ಶುರು ಮಾಡ್ರಿ ಮತ್ತ. ಈ ಸಲ ಮಾತ್ರ ಯಾರ ಬಾಯಿಗೂ ಬರದಂಗ ಬಾರಸ್ರಿ.