ನಂಬಿಕೆ ಬರುವಂಥ ಒಂದು ಸಾಲು

ರುಖ್ಸಾರ್ ಮಾಡಿದ ತಪ್ಪು ಇಷ್ಟೇ: ಕತೆಯ ಮೊದಲ ಸಾಲನ್ನು ಬೇರೆ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದು.

ಬಾಗಲಗುಂಟೆಯ ಐದನೇ ಕ್ರಾಸಿನಲ್ಲಿ ಬ್ಲೌಸ್ ಹೊಲಿಯುವ ಈಕೆಗೆ ಕತೆ ಬರೆಯುವ ಹುಚ್ಚು. ಅದೇ ಕ್ರಾಸಿನ ಕೊನೆ ಮನೆಯ ರಿಟೈರ್ಡ್ ಮೇಷ್ಟ್ರು ಶಿವಪ್ರಕಾಶ ಭಾನುವಾರಗಳಲ್ಲಿ ಅದನ್ನು ಕಲಿಸುತ್ತಿದ್ದರು. ಈಕೆ ಏನು ಬರೆದರೂ ಅವರದು ಒಂದೇ ಮಾತು: "ನಂಬಿಕೆ ಬರ್ತಿಲ್ಲಮ್ಮ." ಕ್ಲಾಸಿನವರ ಕತೆಗಳೆಲ್ಲ ಪುಸ್ತಕವಾಗುವುದಿತ್ತು. ಸಂಜೆಯೊಳಗೆ ನಂಬುವಂಥ ಕತೆ ಕೊಡದಿದ್ದರೆ ಅದರಲ್ಲಿ ರುಖ್ಸಾರ್ ಇಲ್ಲ! "ಮೊದಲ ಸಾಲಲ್ಲೇ ಓದೋರ ಕಾಲರ್ ಹಿಡೀಬೇಕು" ಅಂತ ಬೇರೆ ಹೇಳಿದ್ದರು.

ಹಿಡಿದಳು. "ಮುನಿಆಂಜಿನಪ್ಪನವರು ಇಂದು ಬೆಳಗ್ಗೆ ಕೊನೆಯುಸಿರೆಳೆದರು." ಅದು ಮನೆ ಓನರ್ ಹೆಸರು, ಆಮೇಲೆ ಬದಲಾಯಿಸಿದರಾಯಿತು ಅಂದುಕೊಂಡಳು. ಕ್ಲಾಸಿನ ಗ್ರೂಪ್ ಅಂತ ಕ್ರಾಸಿನವರ ಗ್ರೂಪಿಗೆ ಒತ್ತಿ, ಫೋನ್ ಚಾರ್ಜಿಗೆ ಹಾಕಿ, ಮಿಷನ್ ತುಳಿಯುತ್ತ ಕೂತಳು; ಅದರ ಸದ್ದಿನಲ್ಲಿ ಹೊರಗಿನದೇನೂ ಕಿವಿಗೆ ಬೀಳಲಿಲ್ಲ.

ಮುನಿಆಂಜಿನಪ್ಪ ಅವತ್ತೇ ಫೋನ್ ಮರೆತು ನಾಗಸಂದ್ರದ ತಂಗಿ ಮನೆಗೆ ಹೋಗಬೇಕೇ! ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅಕ್ಕಪಕ್ಕದವರು ಉಪ್ಪಿಟ್ಟು ಹೊತ್ತು ಬಂದರು. ಅವರು ಅತ್ತಿದ್ದು ನೋಡಿ ಹೆಂಡತಿ ದ್ರೌಪದಮ್ಮನೂ ಎದೆ ಬಡಿದುಕೊಂಡರು. "ಬೆಳಗ್ಗೆ ಚೆನ್ನಾಗಿದ್ರು, ಇಂಗೆ ಮಾಡ್ಬಿಟ್ರಲ್ಲಪ್ಪೋ!" ಗಲ್ಲಿಯ ಯುವಕರ ಸಂಘದ ಮಹೇಂದ್ರ ಸುಮ್ಮನಿರುವವನೇ? ಮಧ್ಯಾಹ್ನದೊಳಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿಯೇಬಿಟ್ಟ.

ತಂಗಿ ಮನೆಯಿಂದ ನಡೆದು ಬಂದ ಮುನಿಆಂಜಿನಪ್ಪ ಫ್ಲೆಕ್ಸ್ ಕೆಳಗೆ ನಿಂತು ತಲೆ ಎತ್ತಿದರು.

"ಲೇ ಮಹೇಂದ್ರ, ಸತ್ತೋನು ನಾನು, ದೊಡ್ಡ ಫೋಟೋ ನಿಂದಾ?"

ಮಹೇಂದ್ರ ಎರಡು ಹೆಜ್ಜೆ ಹಿಂದೆ ಹಾರಿದ.

"ಅದೂ ನಂದು, ಮಗಳ ಮದುವೇಲಿ ನಗ್ತಿರೋ ಫೋಟೋ ಹಾಕಿದೀಯ! ಸತ್ತಿದ್ದಕ್ಕೆ ಖುಷಿಯಾಗೈತೆ ಅನ್ಕೊಳಲ್ವೇನೋ ಜನ?"

ಮಿಷನ್ ನಿಲ್ಲಿಸಿದಾಗ ಗದ್ದಲ ಕೇಳಿ ರುಖ್ಸಾರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿ ಬಂದಳು. ವಿಷಯ ತಿಳಿದು ನಾಲಿಗೆ ಕಚ್ಚಿಕೊಂಡು, ಅದು ಕತೆಯ ಸಾಲೆಂದು ಒಪ್ಪಿಕೊಂಡಳು. ಇಡೀ ಕ್ರಾಸು ಅವಳ ಮೇಲೆ ತಿರುಗಿಬಿತ್ತು.

"ಇನ್ಮೇಲೆ ಕತೆ ಗಿತೆ ಬರಿಯಲ್ಲ ಅಂತ ಎಲ್ರ ಮುಂದೆ ಹೇಳಕ್ಕ" ಅಂದ ಮಹೇಂದ್ರ.

"ಅಂಕಲ್, ಆಂಟಿ, ಗ್ರೂಪ್ ತಪ್ಪಾಯ್ತು, ಕ್ಷಮಿಸಿ" ಎಂದು ಕೈ ಮುಗಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಮಹೇಂದ್ರನತ್ತ ತಿರುಗಿದಳು. "ಕತೆ ಮಾತ್ರ ಬಿಡಲ್ಲ. ಏನ್ ಮಾಡ್ಕೊಂತೀಯೋ ಮಾಡ್ಕೋ!"

ಅಷ್ಟರಲ್ಲಿ ಹೂವಿನ ಹಾರ ಹಿಡಿದು ಏದುಸಿರು ಬಿಡುತ್ತ ಬಂದವರು ಶಿವಪ್ರಕಾಶ ಮೇಷ್ಟ್ರು. ಮುನಿಆಂಜಿನಪ್ಪನವರನ್ನು ಕಂಡು ಕಂಬದಂತೆ ನಿಂತರು.

ರುಖ್ಸಾರ್ ಮುಖ ಅರಳಿತು. "ಸಾರ್! ಅದು ನನ್ನ ಕತೆಯ ಮೊದಲ ಸಾಲು. ನಂಬಿದ್ರಾ?"

"ನಂಬ್ದೆ ಇರ್ತೀನಾ? ಮೆಸೇಜ್ ಈಗಷ್ಟೇ ನೋಡಿ ಊಟ ಬಿಟ್ಟು ಎದ್ದು ಬಂದೆ ಕಣಮ್ಮ."

"ಹಾಗಾದ್ರೆ ಪುಸ್ತಕದಲ್ಲಿ ನಾನಿದೀನಿ!"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಎಲ್ಲಿಂದ ಇರ್ತೀಯಮ್ಮ? ಇಡೀ ಕ್ರಾಸ್ ನಂಬಿದೆ ಅಂದ್ಮೇಲೆ ಅದು ಕತೆ ಅಲ್ಲ, ಸುದ್ದಿ. ಕಲ್ಪನೆ ಎಲ್ಲಿದೆ ಅದರಲ್ಲಿ?"

ರುಖ್ಸಾರ್‌ಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ನಂಬಿಕೆ ಬರಲ್ಲ ಅಂತ, ಈಗ ನಂಬಿಕೆ ಬಂತು ಅಂತ! ಒಳಗೆ ಹೋಗಿ ಫೋನ್ ತಂದು ಅಲ್ಲೇ ನಿಂತು ಟೈಪ್ ಮಾಡಿದಳು. ಈ ಸಲ ಗ್ರೂಪನ್ನು ನೋಡಿಯೇ ಒತ್ತಿದಳು. ಎಲ್ಲರ ಜೇಬುಗಳೂ ಒಟ್ಟಿಗೆ ಟಿಣ್ ಎಂದವು.

"ಶಿವಪ್ರಕಾಶ ಮೇಷ್ಟ್ರು ಇಂದು ಮಧ್ಯಾಹ್ನ ಕೊನೆಯುಸಿರೆಳೆದರು."

"ಇದನ್ನ ಯಾರೂ ನಂಬಲ್ಲ ಸಾರ್, ನೀವಿಲ್ಲೇ ನಿಂತಿದೀರ. ಕಲ್ಪನೆ ಸಾಕಾ?"

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಮಹೇಂದ್ರ ಫ್ಲೆಕ್ಸ್‌ನವನಿಗೆ ಫೋನ್ ಹಚ್ಚಿ, ಅವರ ಕಿವಿಯ ಹತ್ತಿರ ಬಗ್ಗಿದ.

"ಸಾರ್, ನಗ್ದೇ ಇರೋ ಫೋಟೋ ಒಂದಿದ್ರೆ ಕೊಡಿ."