ಸೀಟಿ ಊದಿದರೆ ನನ್ನ ಕೈ ಮೇಲೆ

ಹೊಸ ಕೆಲಸಕ್ಕೆ ಇಳಿದವರಿಗೆ ಫಜೀತಿ ತಪ್ಪಿದ್ದಲ್ಲ. ನನ್ನ ಪಾಲಿಗೆ ಮಾತ್ರ ಅವು ರೇಶನ್ ಅಂಗಡಿಯ ಮುಂದಿನಂತೆ ಪಾಳಿ ಹಚ್ಚಿ ನಿಂತಿದ್ದವು. ಒಂದು ಮುಗಿಸಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಮುಂದೆ ಬಂದಿರುತ್ತಿತ್ತು.

ಚೆಂಡು ಅಂದರೆ ಚೆಂಡು

ಬೆಳಗಾವಿಯ ಒಂದು ಕಂಪನಿಯ ತಂಡಕ್ಕೆ ಬಾಸ್ಕೆಟ್‌ಬಾಲ್ ಆಡುವುದೇ ನನ್ನ ನೌಕರಿಯಾಗಿತ್ತು. ಒಂದು ದಿನ ಮ್ಯಾನೇಜರ್ ಕರೆದು, ಕೂರಿಸಿ, ಚಹಾ ತರಿಸಿದರು. ನಮ್ಮ ಆಫೀಸಿನಲ್ಲಿ ಕೇಳದೆ ಚಹಾ ಬಂತೆಂದರೆ ಹಿಂದೆಯೇ ಕೆಟ್ಟ ಸುದ್ದಿಯೂ ಬರುತ್ತದೆ.

"ಬಾಸ್ಕೆಟ್‌ಬಾಲ್ ತಂಡ ಬಂದ್ ಮಾಡಾಕತ್ತೇವ್ರಿ. ಇನ್ನ ಮ್ಯಾಲೆ ಹ್ಯಾಂಡ್‌ಬಾಲ್."

"ನನಗ ಅದು ಬರೂದಿಲ್ರಿ ಸರ್."

"ಬರದ ಇರಾಕ ಏನೈತ್ರಿ? ಚೆಂಡು ಅಂದ್ರ ಚೆಂಡು. ಮೊದಲ ರಿಂಗ್ ಮ್ಯಾಲಿತ್ತು, ಈಗ ಗೋಲ್ ಕೆಳಗ ಐತಿ. ನಿಮಗ ಇನ್ನೂ ಹಗುರ ಆತು."

ಮುಂದಿನ ತಿಂಗಳು ಖಾನಾಪುರದಲ್ಲಿ ಆಯ್ಕೆ, ತಂಡಕ್ಕೆ ಬಂದರೆ ಕರಾರು ಮುಂದುವರಿಯುತ್ತದೆ, ಇಲ್ಲದಿದ್ದರೆ... ಎಂದು ಉಳಿದದ್ದನ್ನು ಅವರು ಚಹಾದ ಜೊತೆ ಕುಡಿದುಬಿಟ್ಟರು. ನನಗೋ ಮೂವತ್ತು ದಾಟಿತ್ತು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ನನ್ನ ಪಗಾರ ನಿಂತರೆ ಮನೆಯೇ ನಿಂತಂತೆ. ಆ ದಿನದಿಂದ ಅದೇ ಚಿಂತೆ ಹತ್ತಿತು.

ಅವ್ವನಿಗೆ ಎಲ್ಲ ಹೇಳಿದೆ. ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ನಿಟ್ಟುಸಿರು ಬಿಟ್ಟಳು.

"ಇಷ್ಟ ಎತ್ತರ ಬೆಳದದ್ದು ದಂಡ ಆತಲ್ಲವಾ. ಮೊದಲ ಗೊತ್ತಿದ್ರ ಅಷ್ಟ ಹಾಲು ಕುಡಸ್ತಿದ್ದಿಲ್ಲ."

ತಾನಾಗಿ ಸಿಕ್ಕವಳು

ನನ್ನ ಹಳೆಯ ಕೋಚ್ ಬಹಳ ಶಿಸ್ತಿನ ಮನುಷ್ಯ. ಫೌಲ್ ಆಗಿ ರೆಫರಿ ಸೀಟಿ ಊದಿದರೆ, ತಪ್ಪು ಮಾಡಿದವರು ತಾವಾಗಿಯೇ ಕೈ ಎತ್ತಬೇಕು ಎಂದು ಸಣ್ಣವಳಿದ್ದಾಗಲೇ ಕಲಿಸಿದ್ದರು. ವರ್ಷಗಟ್ಟಲೆ ಎತ್ತಿ ಎತ್ತಿ ಕೈಗೆ ಅದೇ ರೂಢಿಯಾಗಿತ್ತು. ಚಿಂತೆ ಹತ್ತಿದ ಮೇಲಂತೂ ಮೈಮೇಲೆ ಖಬರಿಲ್ಲ, ಮನೆಯ ಕುಕ್ಕರ್ ಕೂಗಿದರೂ ಕೈ ಮೇಲೆ ಹೋಗುತ್ತಿತ್ತು.

ಹೀಗಿರುವಾಗ ಚೆನ್ನಮ್ಮ ವೃತ್ತದಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದೆ. ನನ್ನ ಮುಂದಿದ್ದವನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಟ್ರಾಫಿಕ್ ಪೊಲೀಸರು ಅವನಿಗೆ ಸೀಟಿ ಊದಿದರು. ನಾನು ಕೈ ಎತ್ತಿದೆ.

ಅವರು ಅವನನ್ನು ಬಿಟ್ಟು ನನ್ನ ಕಡೆ ಬಂದರು. "ಏನ್ ಮಾಡೀರಿ?"

"ಏನೂ ಮಾಡಿಲ್ರಿ."

"ಮತ್ತ ಕೈ ಯಾಕ ಎತ್ತೀರಿ?"

ಬಾಸ್ಕೆಟ್‌ಬಾಲ್ ಶಿಸ್ತನ್ನು ನಡುರಸ್ತೆಯಲ್ಲಿ ವಿವರಿಸುವುದು ಸುಲಭವಲ್ಲ. ನಾನು ತೊದಲಿದಷ್ಟೂ ಅವರಿಗೆ ಸಂಶಯ ಬಲವಾಯಿತು. ಕಾಗದಪತ್ರ ತೆಗೆಸಿದರು. ನೋಡಿದರೆ ಇನ್ಶೂರೆನ್ಸ್ ಮುಗಿದೇ ಹೋಗಿದೆ! ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಹೆಲ್ಮೆಟ್ ಇಲ್ಲದವನು ನನಗೆ ತಲೆಬಾಗಿಸಿ ನಮಸ್ಕಾರ ಮಾಡಿ ಪಾರಾದ.

ದಂಡ ಕಟ್ಟಿಸಿಕೊಂಡು ಪಾವತಿ ಚೀಟಿ ಕೈಗೆ ಕೊಡುತ್ತಾ ಪೊಲೀಸರು ಮೆತ್ತಗೆ ಹೇಳಿದರು. "ನನ್ನ ಸರ್ವಿಸ್‌ನ್ಯಾಗ ಕೈ ಎತ್ತಿ ಸಿಕ್ಕವರು ನೀವ ಮೊದಲನೇದವರ್ರಿ. ನಿಮ್ಮಂಥವರು ಇರಬೇಕು."

ಯಾರು ಯಾರನ್ನು ಕಾಯುವುದು

ಪೀರನವಾಡಿಯ ಮೈದಾನದಲ್ಲಿ ನಮ್ಮ ಅಭ್ಯಾಸ ಶುರುವಾಯಿತು. ಹೊಸ ಕೋಚ್ ಖಾನಾಪುರದವರು, ಮನೆಮಾತು ಮರಾಠಿ, ಬೈಯುವುದು ಎರಡೂ ಭಾಷೆಯಲ್ಲಿ. ಹ್ಯಾಂಡ್‌ಬಾಲ್‌ನಲ್ಲಿ ಗೋಲಿನ ಮುಂದೆ ಅರ್ಧಚಂದ್ರದಂಥ ಗೆರೆ ಇರುತ್ತದೆ. ಗೋಲ್‌ಕೀಪರ್ ಬಿಟ್ಟರೆ ಬೇರೆ ಯಾರೂ ಅದರೊಳಗೆ ಕಾಲಿಡುವಂತಿಲ್ಲ. ನಾನೋ ರಿಂಗಿನ ಕೆಳಗೇ ಸಂಸಾರ ಮಾಡಿದವಳು, ಚೆಂಡು ಸಿಕ್ಕಿತೆಂದರೆ ನೆಟ್ಟಗೆ ಒಳಗೆ ನುಗ್ಗುತ್ತಿದ್ದೆ.

"ಅಗಂ ಬಾಯಿ! ಅದೇನ್ ನಿಮ್ಮ ಅಡಗಿಮನಿ ಏನು, ಬೇಕಂದಾಗ ಹೊಕ್ಕಾಕ?" ಎಂದು ಕೋಚ್ ಕೂಗುತ್ತಿದ್ದರು.

ಒಂದು ದಿನ ಒಬ್ಬಳು ಎಸೆದ ಚೆಂಡು ನಮ್ಮ ಗೋಲ್‌ಕೀಪರ್ ಹುಡುಗಿಯ ಕೆನ್ನೆಗೆ ಫಟ್ಟನೆ ಬಡಿಯಿತು. ಕೆನ್ನೆ ಕೆಂಪಗಾದರೂ ಆಕೆ ನಕ್ಕು, "ರೂಢಿ ಆಗ್ತೈತ್ರಿ ಅಕ್ಕಾ" ಎಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬಾಸ್ಕೆಟ್‌ಬಾಲ್‌ನಲ್ಲಿ ಯಾರೂ ಮನುಷ್ಯರಿಗೆ ಗುರಿಯಿಟ್ಟು ಹೊಡೆಯುವುದಿಲ್ಲ. ನೌಕರಿ ಹೋದರೂ ಸರಿ, ಆ ಜಾಗದಲ್ಲಿ ಮಾತ್ರ ನಿಲ್ಲಬಾರದು ಎಂದುಕೊಂಡೆ.

ಕೋಚ್ ಅದೇ ಸಂಜೆ ನನ್ನ ಎತ್ತರ ನೋಡಿ ಗೋಲಿನಲ್ಲಿ ನಿಲ್ಲಿಸಿದರು. ಮೊದಲ ಚೆಂಡು ಬರುತ್ತಲೇ ನಾನು ಕಂಬದ ಹಿಂದೆ ಇದ್ದೆ. ಎರಡನೆಯದಕ್ಕೆ ಬಲೆಯ ಹಿಂದೆ.

ಕೋಚ್ ಸೊಂಟದ ಮೇಲೆ ಕೈಯಿಟ್ಟು ಕೇಳಿದರು. "ಖರೇ ಹೇಳ್ರಿ, ನೀವು ಗೋಲ್ ಕಾಯಾಕತ್ತೀರೋ, ಗೋಲ್ ನಿಮ್ಮನ್ನ ಕಾಯಾಕತ್ತೈತೋ?"

ಸಂಸ್ಕಾರವಂತೆ

ಚೆಂಡು ಜಾರದಿರಲೆಂದು ಈ ಆಟದವರು ಬೆರಳಿಗೆ ಒಂದು ಬಗೆಯ ಅಂಟು ಹಚ್ಚಿಕೊಳ್ಳುತ್ತಾರೆ. ಎಷ್ಟು ಹಚ್ಚಬೇಕೆಂದು ನಾನು ಕೇಳಲಿಲ್ಲ. ಗಾಬರಿಯಲ್ಲಿ ಎರಡೂ ಅಂಗೈಗೆ ಬಳಿದುಕೊಂಡೆ. ಅದೇ ಹೊತ್ತಿಗೆ ಕಂಪನಿಯ ದೊಡ್ಡ ಸಾಹೇಬರು ಮೈದಾನಕ್ಕೆ ಬಂದರು. ನಾನು ಭಕ್ತಿಯಿಂದ ಕೈ ಮುಗಿದೆ.

ಮುಗಿದ ಕೈ ಬಿಡಲೊಲ್ಲದು. ಸಾಹೇಬರು ಮಾತಾಡುತ್ತಾ ಮೈದಾನದ ಆ ಬದಿಗೆ ಹೋಗಿ ತಿರುಗಿ ಬಂದರು. ನಾನು ಹಾಗೇ ನಿಂತಿದ್ದೆ.

"ಎಂಥಾ ಸಂಸ್ಕಾರ ನೋಡ್ರಿ!" ಎಂದು ಅವರು ಕೋಚ್‌ಗೆ ಹೇಳಿದರು. "ಆಟ ಹೆಂಗ ಆಡ್ತಾರ?"

"ಕೈ ಬಿಟ್ಟ ಮ್ಯಾಲೆ ನೋಡೂಣ್ರಿ," ಎಂದರು ಕೋಚ್.

ಖಾನಾಪುರದಲ್ಲಿ

ಆಯ್ಕೆಯ ದಿನ ಬೆಳಗಿನ ರೈಲಿನಲ್ಲಿ ಹೊರಟೆ. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಬಿಚ್ಚಲೂ ಆಗಲಿಲ್ಲ.

ಆಟದ ಕತೆ ಏನು ಹೇಳಲಿ? ನನ್ನ ಚೆಂಡೆಲ್ಲ ರಿಂಗ್ ಹುಡುಕಿಕೊಂಡು ಮೇಲೆಯೇ ಹೋಯಿತು. ಒಂದಂತೂ ಗೋಲು ದಾಟಿ, ಕಂಪೌಂಡ್ ದಾಟಿ, ಆಚೆಯ ಹಲಸಿನ ಮರದಲ್ಲಿ ಕೂತಿತು. ಆಟ ಮುಗಿದಾಗ ನನ್ನ ನೌಕರಿಯೂ ಮುಗಿದಿದೆ ಎಂದು ಯಾರೂ ಹೇಳಬೇಕಿರಲಿಲ್ಲ. ಅವ್ವನಿಗೆ ಏನು ಹೇಳುವುದೆಂದು ಯೋಚಿಸುತ್ತಾ ಸಾಲಿನ ಕೊನೆಗೆ ನಿಂತೆ.

ಆಯ್ಕೆಗಾರರು ಒಂದೊಂದೇ ಹೆಸರು ಓದಿದರು. ನನ್ನದು ಬರಲಿಲ್ಲ. ಕೊನೆಗೆ ಅವರಲ್ಲಿ ಹಿರಿಯರು ಹೇಳಿದರು. "ಗೋಲ್‌ಕೀಪರ್ ಹುಡುಗಿ ಬ್ಯಾರೆ ಕಂಪನಿಗೆ ಹೋದ್ಳಂತ. ಆ ಜಾಗಾ ಒಂದ ಉಳದೈತಿ. ಯಾರ್ ನಿಂದರ್ತೀರಿ?"

ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ನಾನೂ ನನ್ನದನ್ನು ನೋಡಿಕೊಂಡೆ.

"ನಿಮಗ ಕೇಳಾಕತ್ತೇನಿ!" ಎಂದು ಸಿಟ್ಟಿಗೆದ್ದ ಅವರು, ಕೊರಳಲ್ಲಿದ್ದ ಸೀಟಿ ತೆಗೆದು ಜೋರಾಗಿ ಊದಿದರು.

ನಾನು ಕತ್ತೆತ್ತಿ ನೋಡುವಷ್ಟರಲ್ಲಿ ಇಡೀ ಮೈದಾನ ನನ್ನನ್ನೇ ನೋಡುತ್ತಿತ್ತು. ಕೈ ಮೇಲಿತ್ತು. ಇಳಿಸಬಹುದಿತ್ತು, ಸುಳ್ಳು ಯಾಕೆ ಹೇಳಲಿ, ಅರ್ಧ ಇಳಿಸಿಯೂ ಇದ್ದೆ. ಅಷ್ಟರಲ್ಲಿ ಅವ್ವನ ನೆನಪಾಯಿತು. ಕಣ್ಣು ಮುಚ್ಚಿಕೊಂಡು ಮತ್ತೆ ಪೂರ್ತಿ ಎತ್ತಿದೆ.

ನಮ್ಮ ಕೋಚ್ ಏನೋ ಹೇಳಲು ಬಾಯಿ ತೆರೆದರು. ನನ್ನ ಮುಖ ನೋಡಿ ಮುಚ್ಚಿಕೊಂಡರು.

"ಶಾಬಾಶ್!" ಎಂದರು ಹಿರಿಯರು. "ಇಷ್ಟ ಜನದಾಗ ಧೈರ್ಯ ಇದ್ದಾಕಿ ಈಕಿ ಒಬ್ಬಾಕಿ."

ಸ್ಟೇಶನ್ನಿನಿಂದ ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ನೌಕರಿ ಉಳೀತು."

"ಬಂಗಾರದಂಥಾ ಮಗಳವಾ! ಎಷ್ಟ ಗೋಲ್ ಹೊಡದಿ?"

"ಒಂದೂ ಹೊಡಿಲಿಲ್ಲ. ಇನ್ನ ಮ್ಯಾಲೆ ಅವರೆಲ್ಲಾ ಹೊಡೀತಾರ, ನಾ ಮುಂದ ನಿಂದರಬೇಕು."

ಅವ್ವ ಬಹಳ ಕಾಳಜಿಯಿಂದ ಹೇಳಿದಳು.

"ಹಂಗಾದ್ರ ನಾಳಿಂದ ಸ್ಕೂಟರ್ ಇಲ್ಲೇ ಬಿಡವಾ. ಹೆಲ್ಮೆಟ್ ಅಷ್ಟ ತಗೊಂಡ್ ಹೋಗು."